ಬಿಳಿಯ ಮಾಂಸ, ಕರಿಯ ಮಾಂಸ

ಇಂಗ್ಲೆಂಡಿನ ಗೃಹಿಣಿ ಮಾಂಸದಂಗಡಿಯ ಮುಂದೆ ನಿಂತಾಗ ಆಕೆಯ ಕಣ್ಣು ಮೊದಲು ಅರಸುವುದು ಬಣ್ಣವನ್ನು. ದನದ ಮಾಂಸವಾದರೆ ಹೊಳೆಯುವ ಕೆಂಪಾಗಿರಬೇಕು. ಕರುವಿನ ಮಾಂಸವಾದರೆ ಆದಷ್ಟೂ ಬಿಳುಪಾಗಿರಬೇಕು. ತಲೆತಲಾಂತರದಿಂದ ಬಂದ ಈ ಎರಡು ನಂಬಿಕೆಗಳು ಅಡುಗೆಮನೆಯ ಹೊಸ್ತಿಲಿನಲ್ಲಿಯೇ ನಿಂತಿದ್ದರೆ ಹೇಳತಕ್ಕ ಮಾತೇನೂ ಇರುತ್ತಿರಲಿಲ್ಲ. ಆದರೆ ಅವು ಅಲ್ಲಿಂದ ಹಿಂದಕ್ಕೆ ನಡೆದು, ಕಟುಕನ ಕತ್ತಿಯನ್ನೂ ಸಂತೆಯ ಬಯಲನ್ನೂ ದಾಟಿ, ಯೂರೋಪಿನ ರೈತರ ಕೊಟ್ಟಿಗೆಗಳನ್ನು ಹೊಕ್ಕವು. ಅಲ್ಲಿ ಒಂದು ಬಣ್ಣ ಪಶುವಿಗೆ ರಕ್ಷೆಯಾಯಿತು, ಮತ್ತೊಂದು ಶಿಕ್ಷೆಯಾಯಿತು.

ದನದ ಮಾಂಸದ ಪ್ರಸ್ತಾಪವೇ ಅನೇಕ ವಾಚಕರಿಗೆ ಹಿತವಾಗಲಾರದು. ಆದರೆ ಇಲ್ಲಿನ ಕಥೆ ಊಟದ ತಟ್ಟೆಯದಕ್ಕಿಂತ ಹೆಚ್ಚಾಗಿ ಕೊಟ್ಟಿಗೆಯದು. ಬಾಯಿಲ್ಲದ ಪಶು ತನ್ನ ವಾಸದ ಸುಖದುಃಖಗಳನ್ನು ಯಾರಿಗೂ ಹೇಳಲಾರದು. ಸತ್ತ ಮೇಲೆ ಅದರ ಮಾಂಸವಾದರೂ ಆ ಮಾತನ್ನು ಹೇಳುತ್ತದೆಯೆ? ಚೆನ್ನಾಗಿ ಸಾಕಿದ ದನದ ಮಾಂಸವೇ ಚೆನ್ನಾಗಿರುತ್ತದೆ ಎಂದು ಪಶುಪ್ರೇಮಿಗಳೂ ವ್ಯಾಪಾರಿಗಳೂ ಒಂದೇ ದನಿಯಲ್ಲಿ ಹೇಳುವುದುಂಟು. ಮಾತು ಇಂಪಾಗಿದೆ, ಅರ್ಧ ಸತ್ಯವೂ ಹೌದು.

ಕಪ್ಪಿಟ್ಟ ಮಾಂಸ

ಸತ್ಯವಾದ ಅರ್ಧವನ್ನು ಮೊದಲು ನೋಡಬಹುದು. ವಧಾಗೃಹಗಳಲ್ಲಿ ಆಗಾಗ ಒಂದು ವಿಚಿತ್ರ ಕಾಣಿಸಿಕೊಳ್ಳುತ್ತದೆ. ಪುಷ್ಟವಾಗಿದ್ದ, ರೋಗರುಜಿನವೇನೂ ಇಲ್ಲದಿದ್ದ ಹೋರಿಯ ಮಾಂಸವನ್ನು ಮರುದಿನ ಕೊಯ್ದು ನೋಡಿದರೆ ಅದು ಕೆಂಪಾಗಿರುವುದಿಲ್ಲ. ನೇರಳೆಯ ಹಣ್ಣಿನಂತೆ ಕಪ್ಪಿಟ್ಟಿರುತ್ತದೆ. ಮುಟ್ಟಿದರೆ ಗಟ್ಟಿ, ಮೇಲ್ಮೈ ಒಣಕಲು, ಬೆರಳಿಗೆ ಕೊಂಚ ಅಂಟು. ಅಂಗಡಿಯ ಹಲಗೆಯ ಮೇಲಿಟ್ಟರೆ ಗಿರಾಕಿಗಳು ಅದನ್ನು ಮುದಿ ದನದ್ದೆಂದೋ ಹಳಸಿದ್ದೆಂದೋ ಬಗೆದು ಮುಖ ತಿರುಗಿಸುತ್ತಾರೆ. ವ್ಯಾಪಾರಿಗಳು ಇದಕ್ಕೆ ‘ಡಾರ್ಕ್ ಕಟರ್’ ಎಂದು ಹೆಸರಿಟ್ಟು ಬೆಲೆಯನ್ನು ಇಳಿಸಿಬಿಡುತ್ತಾರೆ.

ಇದರ ಕಾರಣ ದನದ ಕೊನೆಯ ಒಂದೆರಡು ದಿನಗಳಲ್ಲಿ ಅಡಗಿದೆ. ಪ್ರಾಣಿಗಳ ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ಪಿಷ್ಟದಂಥ ವಸ್ತು ಸಂಗ್ರಹವಾಗಿರುತ್ತದೆ. ಓಡುವುದಕ್ಕೆ, ಕಾದಾಡುವುದಕ್ಕೆ, ಹೆದರಿ ನಡುಗುವುದಕ್ಕೆ ಕೂಡ ಅದೇ ಸೌದೆ. ಪ್ರಾಣ ಹೋದ ಮೇಲೆ ಉಳಿದ ಗ್ಲೈಕೊಜೆನ್ ಮೆಲ್ಲಮೆಲ್ಲನೆ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಹಾಲು ಹೆಪ್ಪಾದಾಗ ಹುಟ್ಟುವ ಆಮ್ಲವೇ ಇದು. ಅದರಿಂದ ಮಾಂಸದ ಆಮ್ಲಮಾನ, ಅಂದರೆ ವಿಜ್ಞಾನಿಗಳ ಪಿ.ಎಚ್. ಅಂಕಿ, ಸುಮಾರು 7ರಿಂದ 5.5ರವರೆಗೆ ಇಳಿಯುತ್ತದೆ. ಹೀಗೆ ಹುಳಿಯೇರಿದ ಮಾಂಸ ಗಾಳಿ ಸೋಕಿದಾಗ ಕೆಂಪಗೆ ಅರಳುತ್ತದೆ, ಹಲವು ದಿನ ಕೆಡದೆ ನಿಲ್ಲುತ್ತದೆ. ಆದರೆ ದನವು ಬದುಕಿದ್ದಾಗಲೇ ಸೌದೆಯನ್ನೆಲ್ಲ ಉರಿಸಿಬಿಟ್ಟಿದ್ದರೆ ಆಮ್ಲ ಹುಟ್ಟುವುದಾದರೂ ಎಲ್ಲಿಂದ? ಅಂಕಿ 6ರ ಮೇಲೆಯೇ ನಿಂತುಬಿಡುತ್ತದೆ. ಸ್ನಾಯುವಿನ ಎಳೆಗಳು ನೀರನ್ನು ಹಿಡಿದುಕೊಂಡು ಉಬ್ಬಿರುತ್ತವೆ. ಬೆಳಕು ಚದುರದೆ ಒಳಗೇ ಇಂಗಿಹೋಗುತ್ತದೆ. ಆದುದರಿಂದ ಮಾಂಸ ಕಪ್ಪಾಗಿ ತೋರುತ್ತದೆ. ಕಣ್ಣಿಗೆ ಮಾತ್ರ ಅಲ್ಲ, ಬಾಳಿಕೆಗೂ ಅದು ಕೆಟ್ಟದ್ದು. ಸಕ್ಕರೆಯ ಅಂಶ ಸಿಕ್ಕದ ಸೂಕ್ಷ್ಮಜೀವಿಗಳು ನೇರವಾಗಿ ಮಾಂಸದ ಸಾರಕ್ಕೇ ಕೈಹಾಕುವುದರಿಂದ ಬಹುಬೇಗ ನಾತ ಹುಟ್ಟುತ್ತದೆ.

ಸೌದೆ ಉರಿದುಹೋಗುವುದು ಬಹುಮಟ್ಟಿಗೆ ವಾಸದ ಏರ್ಪಾಡಿನಿಂದ. ಒಂದೇ ಕೊಟ್ಟಿಗೆಯಲ್ಲಿ ಬೆಳೆದ ಎಳೆಯ ಹೋರಿಗಳು ತಮ್ಮತಮ್ಮಲ್ಲಿ ಹಿರಿಮೆಕಿರಿಮೆಗಳನ್ನು ಗೊತ್ತುಮಾಡಿಕೊಂಡು ಶಾಂತವಾಗಿರುತ್ತವೆ. ಅವುಗಳನ್ನು ಸಂತೆಯಲ್ಲಿಯೋ ವಧಾಗೃಹದ ದೊಡ್ಡಿಯಲ್ಲಿಯೋ ಅಪರಿಚಿತ ಹೋರಿಗಳೊಡನೆ ಕೂಡಿಹಾಕಿದರೆ ಆ ರಾಜ್ಯಭಾರವೆಲ್ಲ ಮೊದಲಿನಿಂದ ನಿರ್ಣಯವಾಗಬೇಕು. ತಿವಿಯುವುದು, ನೂಕುವುದು, ಒಂದರ ಬೆನ್ನ ಮೇಲೊಂದು ಹತ್ತುವುದು ರಾತ್ರಿಯಿಡೀ ನಡೆಯುತ್ತದೆ. ಬೆಳಗಾಗುವ ಹೊತ್ತಿಗೆ ಗೆದ್ದುದೂ ಸೋತುದೂ ಒಂದೇ ಸಮನಾಗಿ ಬರಿದಾಗಿರುತ್ತವೆ. ದನದ ಜಾತಿಯಲ್ಲಿ ಈ ಸಂಗ್ರಹ ಮತ್ತೆ ತುಂಬಿಕೊಳ್ಳುವುದಕ್ಕೆ ಹಲವು ದಿನಗಳೇ ಬೇಕು. ಒಂದು ರಾತ್ರಿಯ ವಿಶ್ರಾಂತಿ, ಒಂದು ಹೊರೆ ಹುಲ್ಲು ಸಾಲುವುದಿಲ್ಲ.

ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಾಗಲಿಲ್ಲ. ಒಂದೇ ಗುಂಪಿನಲ್ಲಿ ಬೆಳೆದ ಹೋರಿಗಳನ್ನು ಕೊನೆಯವರೆಗೂ ಅದೇ ಗುಂಪಿನಲ್ಲಿಯೇ ಇಡುವುದು, ಬಂದ ದಿನವೇ ಕೆಲಸವನ್ನು ಮುಗಿಸಿಬಿಡುವುದು, ಕಾಯಿಸಲೇಬೇಕಾದರೆ ಒಂಟಿ ಗೂಡುಗಳಲ್ಲಿ ನಿಲ್ಲಿಸುವುದು. ಕೆಲವೆಡೆ ದೊಡ್ಡಿಯ ಮೇಲುಗಡೆ, ಹೋರಿಯ ಬೆನ್ನಿಗಿಂತ ಸ್ವಲ್ಪ ಎತ್ತರದಲ್ಲಿ, ಕಬ್ಬಿಣದ ಸರಳುಗಳನ್ನು ಅಡ್ಡ ಹಾಯಿಸಿದರು. ಹತ್ತಲು ಹೋದ ಹೋರಿಯ ಬೆನ್ನಿಗೆ ಸರಳು ತಾಗುತ್ತದೆ; ಅದು ಇಳಿದು ಸುಮ್ಮನಾಗುತ್ತದೆ. ಇದನ್ನೆಲ್ಲ ಮಾಡಿಸಿದ್ದು ದಯೆಯೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಮಾಡಿಸಿದ್ದು ಲೆಕ್ಕದ ಪುಸ್ತಕ. ಆದರೂ ಹೋರಿಯ ಪಾಲಿಗೆ ಬಂದ ನೆಮ್ಮದಿ ಸುಳ್ಳಲ್ಲ.

ಈ ಲೆಕ್ಕದ ಪುಸ್ತಕವನ್ನು ದನದ ಕಣ್ಣಿನಿಂದ ಓದಿದವರು ಅಮೆರಿಕದ ಟೆಂಪಲ್ ಗ್ರ್ಯಾಂಡಿನ್. 1947ರಲ್ಲಿ ಬಾಸ್ಟನ್ ನಗರದಲ್ಲಿ ಜನಿಸಿದ ಈಕೆಗೆ ಬಾಲ್ಯದಿಂದಲೂ ಆಟಿಸಂ. ಮಾತು ಬಂದುದು ತಡವಾಗಿ. ಪದಗಳಿಗಿಂತ ಚಿತ್ರಗಳಲ್ಲಿಯೇ ಯೋಚಿಸುವ ತನಗೆ ದನಗಳ ಭಯ ಸುಲಭವಾಗಿ ಅರ್ಥವಾಯಿತೆಂದು ಆಕೆ ಹೇಳಿಕೊಂಡಿದ್ದಾರೆ. 1970ರ ದಶಕದಲ್ಲಿ ಅರಿಜೋನದ ದನದ ದೊಡ್ಡಿಗಳಲ್ಲಿ, ದನಗಳನ್ನು ಹಾಯಿಸುವ ಇಕ್ಕಟ್ಟಾದ ಓಣಿಯೊಳಕ್ಕೆ ತಾವೇ ಇಳಿದು, ದನದ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿದರು. ದನಗಾಹಿಗಳು ಹಟಮಾರಿ ದನವೆಂದು ಬೈದು ಬಡಿಯುತ್ತಿದ್ದ ಜಾಗಗಳಲ್ಲಿ ಆಕೆಗೆ ಕಂಡದ್ದು ತೂಗಾಡುವ ಸರಪಣಿ, ಬೇಲಿಯ ಮೇಲೆ ಯಾರೋ ಬಿಸುಟ ಕೋಟು, ನೀರಿನ ಮೇಲಿನ ಮಿನುಗು, ನೆಲಕ್ಕಡ್ಡಲಾಗಿ ಬಿದ್ದ ಗಾಢವಾದ ನೆರಳು. ಅವುಗಳನ್ನು ತೆಗೆದೊಡನೆ ದನಗಳು ತಾವಾಗಿಯೇ ಮುಂದೆ ನಡೆದವು. ಗೋಡೆಗಳನ್ನು ಸಂದಿಯಿಲ್ಲದಂತೆ ಮುಚ್ಚಿ, ಓಣಿಯನ್ನು ಬಿಲ್ಲಿನಂತೆ ಬಾಗಿಸಿ ಆಕೆ ರಚಿಸಿದ ನಕ್ಷೆಗಳನ್ನು ಅಮೆರಿಕದ ದೊಡ್ಡಿಗಳೂ ವಧಾಗೃಹಗಳೂ ವ್ಯಾಪಕವಾಗಿ ಅಳವಡಿಸಿಕೊಂಡಿವೆ.

ಕೃಷ್ಣಾತೀರದ ರಕ್ತ

1997ರಲ್ಲಿ ಗ್ರ್ಯಾಂಡಿನ್ ಮತ್ತು ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಆಕೆಯ ಸಹೋದ್ಯೋಗಿಗಳು ಪ್ರಕಟಿಸಿದ ಒಂದು ಅಧ್ಯಯನ ನಮ್ಮವರ ಕುತೂಹಲವನ್ನೂ ಕೆರಳಿಸತಕ್ಕದ್ದು. ತೂಕ ನೋಡುವಾಗ, ಮದ್ದು ಹಾಕುವಾಗ ಬೆದರಿ ಒದ್ದಾಡುವ ದನಗಳಿಗೂ ಶಾಂತವಾಗಿ ನಿಲ್ಲುವ ದನಗಳಿಗೂ ಸ್ವಭಾವದ ಅಂಕಗಳನ್ನು ಕೊಟ್ಟು, ಆಮೇಲೆ ಅವುಗಳ ಮಾಂಸವನ್ನು ಪರೀಕ್ಷಿಸಲಾಯಿತು. ಬೆದರುವ ದನಗಳ ಮಾಂಸವೇ ಹೆಚ್ಚು ಒರಟಾಗಿಯೂ ಕಪ್ಪಿನ ಅಂಚಿಗೆ ಹೆಚ್ಚು ಸಮೀಪವಾಗಿಯೂ ಇತ್ತು. ಪರೀಕ್ಷೆಗೊಳಗಾದವು ಇಣಿಯುಳ್ಳ ದನದ ಮಿಶ್ರತಳಿಗಳು. ಅಂದರೆ ಅವುಗಳ ಮೂಲ ಭಾರತ.

ಅಮೆರಿಕದ ದಕ್ಷಿಣದ ಬಿಸಿಲನ್ನೂ ಉಣ್ಣೆಯ ಕಾಟವನ್ನೂ ಯೂರೋಪಿನ ದನಗಳು ತಾಳಲಾರದೆ ಹೋದಾಗ ಅಲ್ಲಿಯ ದನಗಾರರು ಭಾರತದಿಂದ ಇಣಿಯ ಹೋರಿಗಳನ್ನು ತರಿಸಿಕೊಂಡರು. ಕಾಂಕ್ರೇಜ್, ನೆಲ್ಲೂರು, ಗಿರ್ ತಳಿಗಳೊಡನೆ ಸ್ವಲ್ಪಮಟ್ಟಿಗೆ ನಮ್ಮ ಕೃಷ್ಣಾ ಕಣಿವೆಯ ತಳಿಯ ರಕ್ತವೂ ಬೆರೆತು ‘ಬ್ರಾಹ್ಮನ್’ ಎಂಬ ಅಮೆರಿಕದ ತಳಿ ನಿರ್ಮಾಣವಾಯಿತು. ಬೆಳಗಾವಿ, ವಿಜಯಪುರಗಳ ಎರೆಯ ಭೂಮಿಯಲ್ಲಿ ಭಾರವಾದ ನೇಗಿಲನ್ನು ಎಳೆದ ಆ ಎತ್ತುಗಳು ತವರಿನಲ್ಲಿ ಈಗ ವಿರಳವಾಗಿವೆ. ಅವುಗಳ ದೂರದ ಸಂತತಿ ಟೆಕ್ಸಾಸಿನಲ್ಲಿ ಮೇಯುತ್ತಿದೆ. ಆಳುಗಳ ಕೂಗಾಟಕ್ಕೂ ಕೋಲಿನ ಪೆಟ್ಟಿಗೂ ಬಲುಬೇಗ ಕೆರಳುವ ಈ ಜಾತಿ, ಮೆಲ್ಲನೆಯ ಮಾತಿಗೆ ಅಷ್ಟೇ ಬೇಗ ಒಲಿಯುತ್ತದೆಂದು ಬಲ್ಲವರು ಹೇಳುತ್ತಾರೆ. ನಮ್ಮ ರೈತನಿಗೆ ಇದನ್ನು ಅಮೆರಿಕದಿಂದ ಕಲಿಯಬೇಕಾಗಿಲ್ಲ.

ಗುರುತೇ ಗುರಿಯಾದಾಗ

ಇಲ್ಲಿಯವರೆಗಿನದು ಸಂತೋಷದ ಕಥೆ. ಇನ್ನು ಬಿಳಿಯ ಬಣ್ಣದ ಕಥೆ.

ಹಾಲು ಕೊಡುವ ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಅವುಗಳಲ್ಲಿ ಅರ್ಧ ಗಂಡುಗರುಗಳು. ಎತ್ತಿನ ಬೇಸಾಯವಿಲ್ಲದ ನಾಡಿನಲ್ಲಿ, ಹಾಲಿನ ತಳಿಯ ಗಂಡುಗರುವಿಗೆ ಬೆಲೆಯಿಲ್ಲ. ಹಿಂದಿನ ಕಾಲದಲ್ಲಿ ಇಂಥ ಕರುವನ್ನು ಇನ್ನೂ ತಾಯಿಯ ಹಾಲು ಕುಡಿಯುತ್ತಿರುವಾಗಲೇ ಕಡಿದು ಮಾರುತ್ತಿದ್ದರು. ಹಾಲಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ. ಮಾಂಸಕ್ಕೆ ಕೆಂಪು ಕೊಡುವ ವಸ್ತು ಕಬ್ಬಿಣವಿಲ್ಲದೆ ಹುಟ್ಟಲಾರದು. ಹೀಗಾಗಿ ಬಿಳಿಯ ಮಾಂಸವೆಂದರೆ ಹುಲ್ಲು ಮುಟ್ಟದ ಎಳೆಗರುವಿನದು ಎಂಬ ಗುರುತು ಏರ್ಪಟ್ಟಿತು. ಬೆಲೆ ಆ ಗುರುತಿಗೆ ಅಂಟಿಕೊಂಡಿತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬುದ್ಧಿವಂತರಾದ ಕೆಲವರು ಒಂದು ಪ್ರಶ್ನೆ ಕೇಳಿಕೊಂಡರು: ಕರುವನ್ನು ದೊಡ್ಡದಾಗಿ ಬೆಳೆಸಿ, ತೂಕವನ್ನೂ ಗಳಿಸಿ, ಬಿಳುಪನ್ನೂ ಉಳಿಸಿಕೊಳ್ಳಲಾಗದೆ? ಆಗುತ್ತದೆ. ಅದಕ್ಕೆ ಬೇಕಾದದ್ದು ಒಂದು ಪೆಟ್ಟಿಗೆ.

ಸುಮಾರು ಎರಡಡಿ ಅಗಲದ ಮರದ ಗೂಡು. ಕರು ನಿಲ್ಲಬಹುದು, ಕಷ್ಟಪಟ್ಟು ಮಲಗಬಹುದು. ಬೆಳೆಯುತ್ತ ಬಂದಂತೆ ತಿರುಗಲಾರದು, ತನ್ನ ಮೈಯನ್ನು ತಾನು ನೆಕ್ಕಿಕೊಳ್ಳಲಾರದು. ಆಹಾರವೆಂದರೆ ಕಬ್ಬಿಣದ ಅಂಶವನ್ನು ಅಳೆದು ಕಡಿಮೆ ಮಾಡಿದ ಹಾಲಿನ ಪುಡಿಯ ದ್ರವ ಮಾತ್ರ. ಕೆಳಗೆ ಹುಲ್ಲು ಹಾಸುವಂತಿಲ್ಲ, ಏಕೆಂದರೆ ಕರು ಅದನ್ನು ತಿಂದುಬಿಡುತ್ತದೆ, ಹುಲ್ಲಿನಲ್ಲಿ ಕಬ್ಬಿಣವಿದೆ. ಹಲವೆಡೆ ಬೆಳಕೂ ಇಲ್ಲ. ಮೆಲುಕು ಹಾಕುವುದಕ್ಕೆಂದೇ ಹುಟ್ಟಿದ ಪ್ರಾಣಿಗೆ ಮೆಲುಕಿಗೊಂದು ಎಸಳೂ ಇಲ್ಲದೆ ಅದರ ಹೊಟ್ಟೆಯ ದೊಡ್ಡ ಚೀಲ ಬೆಳೆಯದೆ ಉಳಿಯುತ್ತದೆ. ಕರು ಗಂಟೆಗಟ್ಟಲೆ ನಾಲಿಗೆಯನ್ನು ಗಾಳಿಯಲ್ಲಿ ಸುರುಳಿ ತಿರುಗಿಸುತ್ತದೆ. ಮೊಳೆ, ಚಿಲಕ, ಸರಪಣಿ ಎಲ್ಲಿ ಕಬ್ಬಿಣ ಸಿಕ್ಕಿದರೂ ಅದನ್ನು ನೆಕ್ಕುತ್ತದೆ. ಹೀಗೆ ಮೂರು ನಾಲ್ಕು ತಿಂಗಳು ರಕ್ತಹೀನತೆಯ ಅಂಚಿನಲ್ಲಿ ಹಿಡಿದಿಟ್ಟ ಕರುವಿನ ಮಾಂಸ ಮಲ್ಲಿಗೆಯಂತಿರುತ್ತಿತ್ತು. ಪ್ಯಾರಿಸ್ಸಿನ, ರೋಮಿನ ಭೋಜನಗೃಹಗಳಲ್ಲಿ ಅದಕ್ಕೆ ಅಗ್ರಮರ್ಯಾದೆ.

ಕರಿಯ ಮಾಂಸದ ವಿಷಯದಲ್ಲಿ ಸಂಕಟ ಮಾಂಸವನ್ನು ಕೆಡಿಸಿತ್ತು. ಬೆಲೆ ಇಳಿದು ಸಂಕಟ ಕಡಿಮೆಯಾಯಿತು. ಇಲ್ಲಿ ಸಂಕಟವೇ ಮಾಂಸಕ್ಕೆ ಬೆಲೆ ತಂದಿತು. ಕರುವನ್ನು ಬಿಡಿಸಬಲ್ಲ ಶಕ್ತಿ ಮಾರುಕಟ್ಟೆಯಲ್ಲಿರಲಿಲ್ಲ. ಅದು ಬೇರೆ ಕಡೆಯಿಂದ ಬರಬೇಕಾಗಿತ್ತು.

ಬಂದದ್ದು ಲಂಡನ್ನಿನ ಒಬ್ಬ ಗೃಹಿಣಿಯ ಮನೆಯಿಂದ. 1960ರ ಸುಮಾರಿಗೆ ರೂತ್ ಹ್ಯಾರಿಸನ್ ಎಂಬ ಮಹಿಳೆಯ ಮನೆಯ ಬಾಗಿಲಿಗೆ ಯಾರೋ ಒಂದು ಕರಪತ್ರವನ್ನು ಹಾಕಿಹೋದರು. ಈ ಕರುಗಳ ಸ್ಥಿತಿಯನ್ನು ಅದು ವಿವರಿಸಿತ್ತು. ಆಕೆ ಶಾಕಾಹಾರಿ, ಕ್ವೇಕರ್ ಪಂಥದವರು, ತಂದೆ ಸ್ಟೀಫನ್ ವಿನ್‌ಸ್ಟನ್, ಬರ್ನಾರ್ಡ್ ಷಾ ಅವರ ನೆರೆಯವರೂ ಸ್ನೇಹಿತರೂ ಆಗಿದ್ದವರು. ತಾನು ಮಾಂಸವನ್ನೇ ಮುಟ್ಟದವಳಾದುದರಿಂದ ಇದು ತನಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುವುದು ಆಕೆಗೆ ಸುಲಭವಾಗಿತ್ತು. ಆಕೆ ಹಾಗೆ ಬಿಟ್ಟುಬಿಡಲಿಲ್ಲ. ಫಾರಂಗಳನ್ನು ಹೊಕ್ಕು ನೋಡಿ, ಕೃಷಿಪತ್ರಿಕೆಗಳನ್ನು ಜಾಲಾಡಿ, 1964ರಲ್ಲಿ ‘ಅನಿಮಲ್ ಮೆಷೀನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕೀಟನಾಶಕಗಳ ವಿರುದ್ಧ ಜಗತ್ತನ್ನು ಎಚ್ಚರಿಸಿದ ರೇಚಲ್ ಕಾರ್ಸನ್ ಅದಕ್ಕೆ ಮುನ್ನುಡಿ ಬರೆದರು. ಪುಸ್ತಕ ಹೊರಬಿದ್ದ ಕೆಲವೇ ವಾರಗಳಲ್ಲಿ ಕಾರ್ಸನ್ ತೀರಿಕೊಂಡರು.

ಪುಸ್ತಕ ಬ್ರಿಟನ್ನಿನಲ್ಲಿ ಎಬ್ಬಿಸಿದ ಕೋಲಾಹಲಕ್ಕೆ ಸರ್ಕಾರ ತಲೆಬಾಗಲೇಬೇಕಾಯಿತು. ಅದೇ ವರ್ಷ ಪ್ರಾಣಿಶಾಸ್ತ್ರಜ್ಞ ಪ್ರೊಫೆಸರ್ ಬ್ರಾಂಬೆಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. 1965ರ ಡಿಸೆಂಬರಿನಲ್ಲಿ ಅದರ ವರದಿ ಹೊರಬಂತು. ನಿಲ್ಲುವುದು, ಮಲಗುವುದು, ತಿರುಗುವುದು, ಮೈ ನೆಕ್ಕಿಕೊಳ್ಳುವುದು, ಕೈಕಾಲು ಚಾಚುವುದು, ಇಷ್ಟಕ್ಕಾದರೂ ಪ್ರತಿಯೊಂದು ಪಶುವಿಗೂ ಸ್ವಾತಂತ್ರ್ಯವಿರಬೇಕು ಎಂದು ಆ ವಿದ್ವಾಂಸರು ಬರೆದರು. ಇಷ್ಟು ಸಣ್ಣ ಬೇಡಿಕೆಯನ್ನು ಇಷ್ಟು ದೊಡ್ಡ ಸಮಿತಿಯೊಂದು ಗಂಭೀರವಾಗಿ ಮುಂದಿಡಬೇಕಾಗಿ ಬಂದುದೇ ಕಾಲದ ವಿಪರ್ಯಾಸ. ಲೋಕಮಾನ್ಯವಾದ ‘ಐದು ಸ್ವಾತಂತ್ರ್ಯ’ಗಳ ಸೂತ್ರ ಬೆಳೆದುಬಂದದ್ದು ಈ ಒಂದು ವಾಕ್ಯದಿಂದ.

ವಾಕ್ಯದಿಂದ ಕಾನೂನಿಗೆ ಇಪ್ಪತ್ತೈದು ವರ್ಷ ಹಿಡಿಯಿತು. ನಡುವೆ ಬ್ರಿಟನ್ನಿನ ದೊಡ್ಡ ಉತ್ಪಾದಕರೊಬ್ಬರು ತಾವಾಗಿಯೇ ಕರುಗಳನ್ನು ಗೂಡಿನಿಂದ ಹೊರತಂದು, ಹುಲ್ಲು ಹಾಸಿದ ಅಂಗಳದಲ್ಲಿ ಗುಂಪಾಗಿ ಬಿಟ್ಟು ನೋಡಿದ್ದರು, ವ್ಯಾಪಾರ ಮುಳುಗಲಿಲ್ಲ. 1990ರ ಜನವರಿ 1ರಿಂದ ಬ್ರಿಟನ್ನಿನಲ್ಲಿ ಕರುವಿನ ಗೂಡು ನಿಷಿದ್ಧವಾಯಿತು.

ಬೀದಿಗಿಳಿದವರು

ನಿಷೇಧಕ್ಕೆ ಒಂದು ಕಿಂಡಿ ಉಳಿದಿತ್ತು, ಕಡಲು. ಬ್ರಿಟನ್ನಿನಲ್ಲಿ ಹುಟ್ಟಿದ ಗಂಡುಗರು ವಾರಗಳ ಪ್ರಾಯದಲ್ಲಿಯೇ ಲಾರಿಯೇರಿ, ಹಡಗಿನಲ್ಲಿ ಹಾಲೆಂಡಿಗೋ ಫ್ರಾನ್ಸಿಗೋ ಹೋಗಿ, ಬ್ರಿಟಿಷ್ ಕಾನೂನು ನಿಷೇಧಿಸಿದ ಅದೇ ಗೂಡಿನಲ್ಲಿ ನಿಲ್ಲುತ್ತಿತ್ತು. ಜನರ ಒತ್ತಾಯಕ್ಕೆ ಮಣಿದು 1994ರಲ್ಲಿ ದೊಡ್ಡ ಹಡಗಿನ ಕಂಪನಿಗಳು ಜೀವಂತ ಪಶುಗಳ ಸಾಗಣೆಯನ್ನು ನಿಲ್ಲಿಸಿದವು. ವ್ಯಾಪಾರಿಗಳು ಸಣ್ಣ ಬಂದರುಗಳನ್ನೂ ವಿಮಾನ ನಿಲ್ದಾಣಗಳನ್ನೂ ಹುಡುಕಿಕೊಂಡರು.

1995ರ ಆರಂಭದಲ್ಲಿ ಸಸೆಕ್ಸಿನ ಶೋರ್‌ಹ್ಯಾಮ್, ಎಸೆಕ್ಸಿನ ಬ್ರೈಟ್ಲಿಂಗ್‌ಸೀ ಎಂಬ ಸಣ್ಣ ಬಂದರುಗಳ ಬೀದಿಗಳಲ್ಲಿ ಬ್ರಿಟನ್ ಎಂದೂ ಕಾಣದ ನೋಟ ಕಂಡಿತು. ನಿವೃತ್ತರಾದ ಮುದುಕರು, ಮಕ್ಕಳ ಗಾಡಿ ತಳ್ಳುವ ತಾಯಂದಿರು, ಜೀವಮಾನದಲ್ಲಿ ಒಂದು ಘೋಷಣೆಯನ್ನೂ ಕೂಗದ ಗೃಹಸ್ಥರು ಲಾರಿಗಳ ಮುಂದೆ ಕುಳಿತರು. ಪೊಲೀಸರು ಎತ್ತಿ ಬದಿಗಿಟ್ಟರೆ ಎದ್ದುಬಂದು ಮತ್ತೆ ಕುಳಿತರು. ಬ್ರೈಟ್ಲಿಂಗ್‌ಸೀಯಲ್ಲಿ ಈ ಪ್ರತಿಭಟನೆ ತಿಂಗಳುಗಟ್ಟಲೆ ನಡೆಯಿತು. ಆಗಿನವರಲ್ಲಿ ಬಹುಮಂದಿ ಮಾಂಸಾಹಾರಿಗಳೇ. ಮಾಂಸ ತಿನ್ನುವುದು ಬೇರೆ, ಕರುವನ್ನು ಪೆಟ್ಟಿಗೆಯಲ್ಲಿಡುವುದು ಬೇರೆ ಎಂಬುದು ಅವರ ನಿಲುವು. ಶುದ್ಧ ತರ್ಕಕ್ಕೆ ಅದು ಸರಿಹೊಂದೀತೋ ಇಲ್ಲವೋ, ಲೋಕದ ಬಹುಪಾಲು ಒಳ್ಳೆಯ ಕಾನೂನುಗಳು ಇಂಥ ಅರೆತರ್ಕದಿಂದಲೇ ಹುಟ್ಟಿವೆ.

ಫೆಬ್ರವರಿ 1ರಂದು ಕಾವೆಂಟ್ರಿ ವಿಮಾನ ನಿಲ್ದಾಣದ ಬಳಿ, ಆಮ್‌ಸ್ಟರ್‌ಡಾಮಿಗೆ ಹಾರಬೇಕಾಗಿದ್ದ ಕರುಗಳನ್ನು ತುಂಬಿಕೊಂಡು ಬಂದ ಲಾರಿಯೊಂದನ್ನು ತಡೆಯಲು ಹೋದ ಜಿಲ್ ಫಿಪ್ಸ್ ಎಂಬಾಕೆ ಅದರ ಚಕ್ರಕ್ಕೆ ಸಿಕ್ಕಿ ಮೃತಪಟ್ಟರು. ಆಕೆಗೆ ವಯಸ್ಸು 31. ಒಬ್ಬ ಎಳೆಯ ಮಗನ ತಾಯಿ.

ಮರುವರ್ಷ ಮಾರ್ಚಿ ತಿಂಗಳಲ್ಲಿ ಸಾಗಣೆ ಥಟ್ಟನೆ ನಿಂತಿತು. ಆದರೆ ನಿಲ್ಲಿಸಿದ್ದು ಕರುಣೆಯಲ್ಲ, ಹುಚ್ಚುಹಸುವಿನ ರೋಗ. ಆ ಭಯದಿಂದ ಯೂರೋಪು ಬ್ರಿಟನ್ನಿನ ದನವನ್ನೂ ದನದ ಮಾಂಸವನ್ನೂ ಬಹಿಷ್ಕರಿಸಿತ್ತು. ಬಹಿಷ್ಕಾರ 2006ರಲ್ಲಿ ತೆರವಾಯಿತು. ಅಷ್ಟರಲ್ಲಿ ಯೂರೋಪ್ ಒಕ್ಕೂಟವೂ ಎಚ್ಚೆತ್ತಿತ್ತು. 2007ರ ಆರಂಭದಿಂದ ಒಕ್ಕೂಟದ ಎಲ್ಲ ದೇಶಗಳಲ್ಲಿಯೂ ಎಂಟು ವಾರ ಮೀರಿದ ಕರುವನ್ನು ಒಂಟಿಗೂಡಿನಲ್ಲಿ ಇಡುವುದು ಕಾನೂನುಬಾಹಿರ. ಎರಡು ವಾರ ದಾಟಿದ ಪ್ರತಿಯೊಂದು ಕರುವಿಗೂ ನಾರುಳ್ಳ ಮೇವು ಕೊಡಬೇಕು. ಎಂಟು ವಾರಕ್ಕೆ ದಿನಕ್ಕೆ 50 ಗ್ರಾಮಿನಿಂದ ತೊಡಗಿ ಇಪ್ಪತ್ತನೆಯ ವಾರಕ್ಕೆ 250 ಗ್ರಾಮಿಗೆ ಏರಿಸಬೇಕು. ರಕ್ತದಲ್ಲಿ ಕಬ್ಬಿಣದ ಅಂಶ ಇಂತಿಷ್ಟಕ್ಕಿಂತ ಇಳಿಯಕೂಡದೆಂಬ ನಿಯಮವೂ ಇದೆ. 250 ಗ್ರಾಂ ಮೇವೆಂದರೆ ಒಂದು ಹಿಡಿ. ಆ ಹಿಡಿಗಾಗಿ ನಾಲ್ವತ್ತು ವರ್ಷಕ್ಕೂ ಮೀರಿ ಹೋರಾಟ ನಡೆಯಿತು. ಕೊಬ್ಬಿಸುವುದಕ್ಕಾಗಲೀ ಕಡಿಯುವುದಕ್ಕಾಗಲೀ ಜೀವಂತ ಪಶುಗಳನ್ನು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಿಂದ ಹೊರದೇಶಕ್ಕೆ ಸಾಗಿಸಕೂಡದೆಂಬ ಶಾಸನವಂತೂ 2024ರ ಮೇ ತಿಂಗಳಿನಲ್ಲಿ ಜಾರಿಯ ಮುದ್ರೆ ಪಡೆಯಿತು.

ರುಚಿಗಾಗಿ ಕೊರತೆಯನ್ನು ಬೆಳೆಸುವುದು ಯೂರೋಪಿನವರ ಸ್ವತ್ತೇನೂ ಅಲ್ಲ. ಜಪಾನಿನ ‘ವಾಗ್ಯು’ ಮಾಂಸದ ಕೀರ್ತಿಯೆಲ್ಲ ಕೆಂಪಿನ ನಡುವೆ ಹಿಮದಂತೆ ಹರಡಿಕೊಂಡ ಕೊಬ್ಬಿನ ಎಳೆಗಳಲ್ಲಿದೆ. ದನಕ್ಕೆ ಬೀರು ಕುಡಿಸುತ್ತಾರೆ, ಮೈ ತಿಕ್ಕುತ್ತಾರೆ ಎಂಬ ದಂತಕಥೆಗಳು ಪ್ರವಾಸಿಗಳಿಗೆ ಪ್ರಿಯ. ಮೇವಿನಲ್ಲಿ ಎ ಜೀವಸತ್ವವನ್ನು ಬೇಕೆಂದೇ ಕಡಿಮೆ ಮಾಡಿದರೆ ಆ ಎಳೆಗಳು ಹೆಚ್ಚುತ್ತವೆ ಎಂಬ ಸಂಗತಿ ಅಷ್ಟು ಪ್ರಸಿದ್ಧವಲ್ಲ. ಕಡಿಮೆ ಮಾಡುವ ಕೈ ಸ್ವಲ್ಪ ಹೆಚ್ಚಾದರೆ ದನದ ಕಣ್ಣು ಹೋಗುತ್ತದೆ.

ಮೂಕ ಮಾಂಸ

ಕರಿಯ ಮಾಂಸ ಸತ್ಯ ಹೇಳಿತು. ಬಿಳಿಯ ಮಾಂಸ ಸುಳ್ಳು ಹೇಳಿತು. ಏನನ್ನೂ ಹೇಳದ ಮಾಂಸವೂ ಒಂದುಂಟು. ಅದರ ಕಥೆ ಐರ್ಲೆಂಡಿನಲ್ಲಿ ನಡೆಯುತ್ತದೆ.

ಐರ್ಲೆಂಡು ಹಸಿರು ದ್ವೀಪ. ತಾನು ಬೆಳೆಸಿದ ದನದ ಮಾಂಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಹೊರದೇಶಗಳಿಗೆ ಮಾರುವ ನಾಡು. ಜಾಹೀರಾತುಗಳಲ್ಲಿ ಕಾಣುವುದು ಹುಲ್ಲುಗಾವಲು. ಅದು ಸುಳ್ಳಲ್ಲ, ವರ್ಷದ ಬಹುಭಾಗ ದನಗಳು ಅಲ್ಲಿಯೇ ಮೇಯುತ್ತವೆ. ಹುಲ್ಲಿನಲ್ಲಿರುವ ಕ್ಯಾರೊಟೀನಿನಿಂದ ಅವುಗಳ ಕೊಬ್ಬಿಗೆ ನಸುಹಳದಿ ಬಣ್ಣವೂ ಬರುತ್ತದೆ. ಆದರೆ ಚಳಿಗಾಲದಲ್ಲಿ ಮಳೆ ಹಿಡಿದಾಗ ಗದ್ದೆಯಂತಾದ ಹುಲ್ಲುಗಾವಲನ್ನು ಗೊರಸುಗಳು ತುಳಿದು ಹಾಳುಮಾಡುತ್ತವೆ. ಆದಕಾರಣ ನಾಲ್ಕೈದು ತಿಂಗಳು ದನಗಳಿಗೆ ಚಾವಣಿಯ ಕೆಳಗಿನ ವಾಸ.

ಮಲೆನಾಡಿನ ಕೊಟ್ಟಿಗೆಯಲ್ಲಿ ಸೊಪ್ಪುದರಗುಗಳನ್ನು ಹಾಸುವಂತೆ ಯೂರೋಪಿನ ಕೊಟ್ಟಿಗೆಗಳಲ್ಲಿ ಗೋಧಿಯ, ಬಾರ್ಲಿಯ ಹುಲ್ಲನ್ನು ಹಾಸುವುದು ಹಳೆಯ ಪದ್ಧತಿ. ಪೂರ್ವ ಇಂಗ್ಲೆಂಡಿನಲ್ಲಿ ಗೋಧಿಯ ಹೊಲಗಳಿವೆ, ಹುಲ್ಲೂ ಯಥೇಚ್ಛ. ಐರ್ಲೆಂಡಿನ ಪಶ್ಚಿಮದಲ್ಲಿ ಬರಿಯ ಹಸಿರುಹುಲ್ಲು. ಒಣಹುಲ್ಲನ್ನು ದೂರದಿಂದ ಲಾರಿಯಲ್ಲಿ ತರಿಸಬೇಕು. 1973ರಲ್ಲಿ ಆ ದೇಶ ಯೂರೋಪಿನ ಸಮುದಾಯವನ್ನು ಸೇರಿದ ಮೇಲೆ, ಸಹಾಯಧನಗಳ ನೆರವಿನಿಂದ ಊರೂರಲ್ಲಿಯೂ ಹೊಸ ಬಗೆಯ ಕೊಟ್ಟಿಗೆ ಎದ್ದಿತು. ಅದರ ನೆಲ ಕಾಂಕ್ರೀಟಿನ ಹಲಗೆಗಳದು. ಹಲಗೆಗಳ ನಡುವೆ ಸಂದು. ಸಗಣಿ ಗಂಜಲಗಳು ಸಂದಿನಿಂದ ಕೆಳಗಿನ ತೊಟ್ಟಿಗೆ ಇಳಿದು, ವಸಂತದಲ್ಲಿ ಗೊಬ್ಬರವಾಗಿ ಹುಲ್ಲುಗಾವಲಿಗೆ ಹೋಗುತ್ತವೆ. ಹುಲ್ಲು ಬೇಡ, ಬಾಚುವ ಆಳು ಬೇಡ. ಒಬ್ಬನೇ ರೈತ ನೂರಾರು ದನಗಳನ್ನು ನೋಡಿಕೊಳ್ಳಬಲ್ಲ. ಒಂದು ಅಪಾಯ ಮಾತ್ರ ಇದೆ: ತೊಟ್ಟಿಯನ್ನು ಕದಡಿದಾಗ ಏಳುವ ವಿಷಾನಿಲ ದನವನ್ನೂ ಮನುಷ್ಯನನ್ನೂ ಕೆಲವೇ ಉಸಿರುಗಳಲ್ಲಿ ಕೆಡವಬಲ್ಲದು.

ದನ ಹೇಗೆ ಮಲಗುತ್ತದೆಂಬುದನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ಮೊದಲು ಮುಂಗಾಲುಗಳ ಮಂಡಿಯೂರಿ, ಆಮೇಲೆ ಹಿಂಭಾಗವನ್ನು ಇಳಿಸುತ್ತದೆ. ಏಳುವಾಗ ತಲೆಯನ್ನು ಮುಂದಕ್ಕೆ ಚಾಚಿ, ಮೊದಲು ಹಿಂಗಾಲುಗಳನ್ನು ಎತ್ತುತ್ತದೆ. ಎರಡು ಬಾರಿಯೂ ಮೈಯ ಭಾರವೆಲ್ಲ ಮಂಡಿಯ ಮೇಲೆ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹತ್ತು ಹನ್ನೆರಡು ಗಂಟೆ ಮಲಗಿಯೇ ಇರಬೇಕಾದ ಪ್ರಾಣಿಗೆ ಕೆಳಗಿರುವುದು ಸಂದುಬಿಟ್ಟ ಕಾಂಕ್ರೀಟು. ಆರೇಳು ನೂರು ಕಿಲೋ ತೂಗುವ ದನ ಆ ನೆಲದ ಮೇಲೆ ಮಲಗುವ ಮುನ್ನ ಮೂತಿಯಿಂದ ನೆಲವನ್ನು ಮೂಸಿ, ಮಂಡಿ ಬಗ್ಗಿಸಿ, ಮತ್ತೆ ಎದ್ದುನಿಂತು ಅನುಮಾನಿಸುತ್ತದೆ. ಕೆಲವು ದನಗಳು ಜಾತಿಸ್ವಭಾವವನ್ನೇ ಬಿಟ್ಟು ಕುದುರೆಯಂತೆ ಮುಂಗಾಲು ಮೊದಲೆತ್ತಿ ಏಳುವುದನ್ನು ಕಲಿಯುತ್ತವೆ. ಮಂಡಿಗಳು ಊದಿಕೊಳ್ಳುತ್ತವೆ. ಇಕ್ಕಟ್ಟಿನಲ್ಲಿ ಪಕ್ಕದ ದನದ ಗೊರಸಿಗೆ ಬಾಲದ ತುದಿ ಸಿಕ್ಕಿ ಜಜ್ಜಿ ಕೊಳೆಯುವುದೂ ಇಂಥ ಕೊಟ್ಟಿಗೆಗಳ ಒಂದು ಪ್ರಸಿದ್ಧ ರೋಗ.

ಇಷ್ಟೆಲ್ಲ ಆದರೂ ಮಾಂಸದಲ್ಲಿ ಏನಾದರೂ ಕಾಣುತ್ತದೆಯೆ? ಉತ್ತರ ಐರ್ಲೆಂಡಿನ ಹಿಲ್ಸ್‌ಬರೋ ಸಂಶೋಧನಾಲಯದಲ್ಲಿ ದನಗಳನ್ನು ಬೇರೆಬೇರೆ ನೆಲಗಳ ಮೇಲೆ ಸಾಕಿ, 2001ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬರಿಯ ಹಲಗೆಯ ಮೇಲೆ ಬೆಳೆದ ದನದ ಮಾಂಸಕ್ಕೂ ಮೆತ್ತನೆಯ ನೆಲದ ಮೇಲೆ ಬೆಳೆದ ದನದ ಮಾಂಸಕ್ಕೂ ಗುಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಣ್ಣ, ಮೃದುತ್ವ ಎಲ್ಲವೂ ಸರಿಸುಮಾರು ಒಂದೇ. ದೀರ್ಘಕಾಲದ ಮಂದವಾದ ನೋವಿಗೆ ಸ್ನಾಯುವಿನಲ್ಲಿ ಲೆಕ್ಕವಿಡುವವರಿಲ್ಲ. ಕೊನೆಯ ರಾತ್ರಿಯ ಕಾದಾಟವನ್ನು ಮಾಂಸ ಬರೆದಿಟ್ಟುಕೊಳ್ಳುತ್ತದೆ. ನೂರು ರಾತ್ರಿಗಳ ಗಟ್ಟಿನೆಲವನ್ನು ಮರೆತುಬಿಡುತ್ತದೆ.

ಮಾಂಸವನ್ನು ಕೇಳಿದ ಅದೇ ಸಂಶೋಧಕರು ದನಗಳನ್ನೂ ಕೇಳಿದರು. ಎರಡು ಬಗೆಯ ನೆಲಗಳನ್ನು ಅಕ್ಕಪಕ್ಕ ಇಟ್ಟು, ಬಾಗಿಲು ತೆರೆದು, ಎಲ್ಲಿ ಬೇಕಾದರೂ ಮಲಗಬಹುದೆಂದು ಬಿಟ್ಟರು. ಬರಿಯ ಕಾಂಕ್ರೀಟಿನ ಹಲಗೆಯನ್ನು ಬಿಟ್ಟು ದನಗಳು ಮೆತ್ತನೆಯ ಕಡೆಗೆ ನಡೆದವು.

ಹಾಗೆಂದು ಹುಲ್ಲಿನ ಹಾಸು ಎಲ್ಲಕ್ಕೂ ಮದ್ದೆಂದು ತಿಳಿಯಬಾರದು. ಜಿಪುಣತನದಿಂದ ಹಾಸಿದ ಹುಲ್ಲು ಎರಡು ವಾರಗಳಲ್ಲಿ ಕೊಚ್ಚೆಯಾಗುತ್ತದೆ. ದನದ ಹೊಟ್ಟೆಯ ಕೆಳಗೆ ಸಗಣಿ ಹಕ್ಕಳೆಗಟ್ಟುತ್ತದೆ. ಅಂಥ ಚರ್ಮವನ್ನು ಸುಲಿಯುವಾಗ ರೋಗಾಣುಗಳು ಮಾಂಸಕ್ಕೆ ಇಳಿಯುವ ಭಯ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಇ. ಕೋಲಿ ರೋಗಾಣು ಮಾಂಸದ ಮೂಲಕ ಹರಡಿ ಹಲವು ವೃದ್ಧರು ಪ್ರಾಣ ಕಳೆದುಕೊಂಡ ಮೇಲೆ, ಬ್ರಿಟನ್ನಿನ ವಧಾಗೃಹಗಳಲ್ಲಿ ದನದ ಮೈಯ ಸ್ವಚ್ಛತೆಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು, ತೀರ ಕೊಳಕಾದುವನ್ನು ಹಿಂದಕ್ಕೆ ಕಳುಹಿಸುವ ಪದ್ಧತಿ ಬಂತು. ಈ ಒಂದು ವಿಷಯದಲ್ಲಿ, ಕೆಟ್ಟ ಹುಲ್ಲಿನ ಹಾಸಿಗಿಂತ ಒಳ್ಳೆಯ ಹಲಗೆಯ ನೆಲವೇ ಮೇಲೆಂದು ರೈತರು ವಾದಿಸಿದರೆ ಅವರನ್ನು ದೂರುವಂತಿಲ್ಲ.

ನೆಲದಷ್ಟೇ ಮುಖ್ಯವಾದದ್ದು ಜಾಗ. ಐರ್ಲೆಂಡಿನ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಡಸುಗಳಿಗೆ ತಲಾ ಒಂದೂವರೆ, ಎರಡು, ಎರಡೂವರೆ, ಮೂರು ಚದರ ಮೀಟರುಗಳಂತೆ ಜಾಗ ಕೊಟ್ಟು ನೋಡಿದರು. ಒಂದೂವರೆಯಲ್ಲಿ ಅವು ಮೈಗೂಡುವುದೇ ಕುಗ್ಗಿತು. ಇದು ರೈತನ ಲೆಕ್ಕಕ್ಕೂ ತಾಗುವ ಮಾತಾದುದರಿಂದ ಬೇಗ ಕಿವಿಗೆ ಬಿತ್ತು. ಎರಡೂವರೆಯಿಂದ ಮೂರಕ್ಕೆ ಏರಿಸೆಂದರೆ ಮಾತ್ರ ಆತ ಪೆನ್ಸಿಲನ್ನು ಕೈಗೆತ್ತಿಕೊಳ್ಳುತ್ತಾನೆ. ಈಚಿನ ವರ್ಷಗಳಲ್ಲಿ ಕೆಲವರು ಹಲಗೆಗಳ ಮೇಲೆ ರಬ್ಬರಿನ ಹಾಸನ್ನು ತೊಡಿಸುತ್ತಿದ್ದಾರೆ. ಅದರ ಮೇಲೆ ದನಗಳು ಸಲೀಸಾಗಿ ಮಲಗುತ್ತವೆ, ಏಳುತ್ತವೆ. ಖರ್ಚು ರೈತನದು, ಅಂಗಡಿಯಲ್ಲಿ ಅದಕ್ಕೆ ಒಂದು ಕಾಸೂ ಹೆಚ್ಚು ಹುಟ್ಟುವುದಿಲ್ಲ, ಏಕೆಂದರೆ ಆ ಮಾಂಸವೂ ಈ ಮಾಂಸವೂ ನೋಡುವುದಕ್ಕೆ ಒಂದೇ.

ಕಾನೂನಿನ ಸ್ಥಿತಿಯೂ ವಿಚಿತ್ರವಾಗಿಯೇ ಉಳಿದಿದೆ. ಬಿಳಿಯ ಮಾಂಸದ ಹೋರಾಟದಿಂದ ಹುಟ್ಟಿದ ಯೂರೋಪಿನ ನಿಯಮಾವಳಿ ಕರುವಿನ ತೂಕಕ್ಕೆ ತಕ್ಕಂತೆ ಒಂದೂವರೆಯಿಂದ 1.8 ಚದರ ಮೀಟರುಗಳವರೆಗೆ ಜಾಗವನ್ನು ಅಂಕಿಯಲ್ಲಿಯೇ ಗೊತ್ತುಪಡಿಸಿದೆ. ಮೇವನ್ನು ಗ್ರಾಮುಗಳಲ್ಲಿ ಹೇಳಿದೆ. ಆದರೆ ಆ ನಿಯಮಾವಳಿಯ ಪ್ರಕಾರ ಕರುವೆಂದರೆ ಆರು ತಿಂಗಳೊಳಗಿನದು. ಆರು ತಿಂಗಳು ತುಂಬಿದ ಮರುದಿನ, ಅದೇ ಕೊಟ್ಟಿಗೆಯಲ್ಲಿ, ಅದೇ ಹಲಗೆಗಳ ಮೇಲೆ ನಿಂತ ಅದೇ ಪಶುವಿಗೆ ಎಷ್ಟು ಜಾಗ ಸಲ್ಲಬೇಕು, ಕೆಳಗೆ ಎಂಥ ನೆಲವಿರಬೇಕು ಎಂಬುದಕ್ಕೆ ಅದರಲ್ಲಿ ಅಂಕಿಯಿಲ್ಲ.